ಹಳ್ಳಕ್ಕೆ ಒಡ್ಡು ಹಾಕುವ ಮೊದಲು ಕೋಡಿ ಎಲ್ಲಿ, ಎಷ್ಟು ಎಂದು ಹೇಳಿ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮೂರ ಗ್ರಾಮಸಭೆಯಲ್ಲಿ ಹನುಮಂದೇವರ ಗುಡಿ ಕಟ್ಟೆಗೆ ಒಂದು ಫ್ಲೆಕ್ಸ್ ಕಟ್ಟಿದ್ದರು. ‘ಹಳ್ಳದ ಪ್ರವಾಹ ನಿಯಂತ್ರಣಕ್ಕೆ ಮೂರು ಮಣ್ಣಿನ ಒಡ್ಡುಗಳು’ ಎಂದು ದಪ್ಪ ಅಕ್ಷರ. ಕೆಳಗೆ ನೀಲಿ ನೀರು ತುಂಬಿ ತುಳುಕುವ ಕೆರೆಯ ಚಿತ್ರ, ಅದರಲ್ಲಿ ಎರಡು ಬಾತುಕೋಳಿ. ಚಿತ್ರ ನೋಡಿದ ಕೂಡಲೇ ನನಗೆ ಸಂಶಯ ಬಂತು. ಪ್ರವಾಹ ತಡೆಯಬೇಕಾದ ಕೆರೆ ಮಳೆಗಾಲದಲ್ಲಿ ಹೀಗೆ ತುಂಬಿ ನಿಂತಿದ್ದರೆ ಮುಂದಿನ ಮಳೆಯ ನೀರನ್ನು ಎಲ್ಲಿ ಇಟ್ಟುಕೊಳ್ಳುತ್ತದೆ? ಇದೊಂದು ಪ್ರಶ್ನೆ ಕೇಳಲು ಎದ್ದು ನಿಂತೆ. ಕೇಳಿ ಮುಗಿಸುವಷ್ಟರಲ್ಲಿ ಚಹಾ ಬಂತು, ಸಭೆ ಎದ್ದಿತು. ಅದಕ್ಕೇ ತಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಕತ್ತರಿಸುವುದೇ ಆದರೆ ನನ್ನ ಪರಿಚಯ ಕತ್ತರಿಸಿ, ಲೆಕ್ಕ ಕತ್ತರಿಸಬೇಡಿ.

ನಾನು ಚಿಂಚೋಳಿ ತಾಲ್ಲೂಕಿನವನು. ಮೂವತ್ತಮೂರು ವರ್ಷ ಮಣ್ಣಿನ ಕೆಲಸದ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದೆ. ಎಂಜಿನಿಯರ್ ಅಲ್ಲ. ಎಂಜಿನಿಯರ್ ಸಾಹೇಬರು ಜೀಪಿನಿಂದ ಇಳಿದು ನೋಡಿ ಹೋದ ಮೇಲೆ ದಿನವಿಡೀ ಬಿಸಿಲಲ್ಲಿ ಏರಿಯ ಮೇಲೆ ನಿಂತು, ಮಣ್ಣಿನ ಪದರ ಅಳೆದು, ರೋಲರ್ ಎಷ್ಟು ಸಲ ಓಡಿತೆಂದು ಎಣಿಸಿ ಡೈರಿಯಲ್ಲಿ ಬರೆಯುವವನು. 2013ರಲ್ಲಿ ನಿವೃತ್ತನಾದೆ. ಈಗ ಆರು ಎಕರೆ ತೊಗರಿ ಹೊಲ ನೋಡಿಕೊಂಡಿದ್ದೇನೆ. ಹೊಲ ಹಳ್ಳದ ದಂಡೆಯಲ್ಲೇ ಇದೆ, ಆದ್ದರಿಂದ ಈ ಪತ್ರದಲ್ಲಿ ನನ್ನ ಸ್ವಾರ್ಥವೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಹಳ್ಳ ವರ್ಷದಲ್ಲಿ ಎಂಟು ತಿಂಗಳು ಒಣಗಿರುತ್ತದೆ. ದನ ಕಾಯುವ ಹುಡುಗರು ಅದರ ಮರಳಲ್ಲಿ ಕ್ರಿಕೆಟ್ ಆಡುತ್ತಾರೆ. ಕೆಮ್ಮಣ್ಣಿನ ಗುಡ್ಡಗಳಿಂದ ಮೂರು ಕವಲಾಗಿ ಇಳಿದು, ಊರ ಮೇಲ್ಗಡೆ ಒಂದಾಗಿ, ಮುಂದೆ ಮುಲ್ಲಾಮಾರಿ ಸೇರುತ್ತದೆ. ಮುಲ್ಲಾಮಾರಿ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ. ಭೀಮೆ ಉಕ್ಕಿದರೆ ಅದು ಸುದ್ದಿ. 2025ರ ಸೆಪ್ಟೆಂಬರ್‌ನಲ್ಲಿ ಉಕ್ಕಿದಾಗ ಮೇಲೆ ಹೆಲಿಕಾಪ್ಟರ್ ಹಾರಿತು, ಮಂತ್ರಿಗಳು ಬಂದರು, ಬರಬೇಕಾದದ್ದೇ. ಆದರೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ನಮ್ಮ ಜಿಲ್ಲೆ ಮುಟ್ಟುವ ಹೊತ್ತಿಗೆ ಟಿವಿಯಲ್ಲಿ ಕ್ಯೂಸೆಕ್ ಲೆಕ್ಕ ಬಂದಿರುತ್ತದೆ, ಡಂಗುರ ಸಾರಿರುತ್ತಾರೆ, ದನಕರು ಎತ್ತರಕ್ಕೆ ಹೊಡೆದಿರುತ್ತಾರೆ. ಹಳ್ಳಕ್ಕೆ ಇದ್ಯಾವುದೂ ಇಲ್ಲ. ಗುಡ್ಡದ ಮೇಲೆ ಸಂಜೆ ಐದಕ್ಕೆ ಮಳೆ ಹೊಡೆದರೆ ಏಳಕ್ಕೆ ಸೇತುವೆ ಮೇಲೆ ನೀರು, ನಡುರಾತ್ರಿಗೆ ಇಳಿದೂ ಹೋಗಿರುತ್ತದೆ. ಬೆಳಿಗ್ಗೆ ಪಂಚನಾಮೆಗೆ ಬಂದವರು ಒಣಗಿದ ಸೇತುವೆ ಮೇಲೆ ಬೈಕ್ ನಿಲ್ಲಿಸಿ ‘ನೀರು ಎಲ್ಲಿ ಬಂದಿತ್ರಿ?’ ಎಂದು ಕೇಳುತ್ತಾರೆ. ಹೀಗಾಗಿ ಹಳ್ಳಕ್ಕೆ ಏನಾದರೂ ಮಾಡಬೇಕು ಎಂದು ಯಾರೋ ಯೋಚಿಸಿದ್ದೇ ನನಗೆ ಸಂತೋಷ. ನನ್ನ ತಕರಾರು ಏನು ಕಟ್ಟುತ್ತೀರಿ ಎಂಬುದರ ಬಗ್ಗೆ.

ಅದಕ್ಕೂ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಊರ ಮೇಲೆ ಒಂದು ಹಳೆಯ ಕೆರೆ ಇದೆ. 1972ರ ಬರಗಾಲದ ಕಾಮಗಾರಿಯಲ್ಲಿ ಕಟ್ಟಿದ್ದು. ಆಗ ನನಗೆ ಹತ್ತೊಂಬತ್ತು. ನಾನೂ ನಮ್ಮವ್ವನೂ ಅದಕ್ಕೆ ಬುಟ್ಟಿಯಲ್ಲಿ ಮಣ್ಣು ಹೊತ್ತಿದ್ದೇವೆ. 1994ರಲ್ಲಿ ಏರಿ ಎತ್ತರಿಸಿ ಕೋಡಿಗೆ (ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಬೀಳುವ ಜಾಗಕ್ಕೆ) ಕಲ್ಲಿನ ಕಟ್ಟಡ ಹಾಕಿದಾಗ ಉಸ್ತುವಾರಿ ನನ್ನದೇ. ಕೋಡಿಯ ಮಟ್ಟದಿಂದ ಏರಿಯ ತಲೆಗೆ ಐದು ಫೂಟು ಬಿಟ್ಟಿದ್ದೆವು. ಈ ಐದು ಫೂಟನ್ನು ಜನ ‘ಸುಮ್ನೆ ಬಿಟ್ಟಿದ್ದು’ ಎನ್ನುತ್ತಾರೆ. ಮಹಾಮಳೆ ಬಂದ ದಿನ ಕೋಡಿಯ ಮೇಲೆ ಮೂರು ಫೂಟು ನೀರು ಹರಿಯಬೇಕು, ಗಾಳಿಗೆ ಎದ್ದ ತೆರೆ ಏರಿಯ ತಲೆ ಮುಟ್ಟಬಾರದು. ಬಿಟ್ಟದ್ದು ಅದಕ್ಕೆ.

2016ರ ಬೇಸಿಗೆ ನೆನಪಿರಬಹುದು, ಪಕ್ಕದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದ ವರ್ಷ. ನಮ್ಮೂರ ಬೋರ್‌ವೆಲ್‌ಗಳೂ ಗಾಳಿ ಉಗುಳುತ್ತಿದ್ದವು. ಮಳೆಗಾಲ ಹತ್ತಿರ ಬಂದಾಗ ಊರವರೆಲ್ಲ ಕೂತು ಒಂದು ನಿರ್ಧಾರ ಮಾಡಿದೆವು. ಕೋಡಿ ಬಿದ್ದು ನೀರು ವ್ಯರ್ಥ ಹೋಗುತ್ತದೆ, ಕೋಡಿಯನ್ನು ಎರಡು ಫೂಟು ಎತ್ತರಿಸಿದರೆ ಇನ್ನೊಂದು ತಿಂಗಳು ನೀರು ನಿಲ್ಲುತ್ತದೆ. ಮನೆಗೊಂದಾಳು ಬಂದರು. ಶಹಾಬಾದ್ ಫರ್ಸಿಯ ಒಡಕು ಕಲ್ಲು, ಮರಳಿನ ಚೀಲ, ಮೇಲೆ ಸಿಮೆಂಟಿನ ಗಿಲಾಯಿ. ಒಂದೇ ದಿನದ ಕೆಲಸ. ಕಲ್ಲು ಜೋಡಿಸಿದವರಲ್ಲಿ ನಾನೂ ಒಬ್ಬ. ಮೂವತ್ತಮೂರು ವರ್ಷ ಊರೂರಿಗೆ ಹೋಗಿ ‘ಕೋಡಿಗೆ ಕೈ ಹಚ್ಚಬ್ಯಾಡ್ರಪ್ಪ’ ಎಂದವನು ನನ್ನೂರಲ್ಲಿ ನಾನೇ ಕಲ್ಲು ಹೊತ್ತೆ. ಬೇಡ ಎಂದಿದ್ದರೆ ಆ ಬೇಸಿಗೆಯಲ್ಲಿ ನನ್ನ ಮನೆಗೆ ಒಂದು ಕೊಡ ನೀರು ಸಿಗುತ್ತಿರಲಿಲ್ಲ, ಅದೂ ನಿಜ.

ನಾಲ್ಕು ವರ್ಷ ಏನೂ ಆಗಲಿಲ್ಲ. ಎಲ್ಲರೂ ನನ್ನ ಬುದ್ಧಿಯನ್ನು ಹೊಗಳಿದರು.

2020ರ ಅಕ್ಟೋಬರ್ 13ಕ್ಕೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ಹತ್ತಿ, ತೆಲಂಗಾಣ ದಾಟಿ ನಮ್ಮ ತಲೆಯ ಮೇಲೆ ಬಂತು. ಹೈದರಾಬಾದ್ ಮುಳುಗಿದ ರಾತ್ರಿ ಅದು. ನಸುಕಿನ ನಾಲ್ಕರ ಸುಮಾರಿಗೆ ನಾನು ಮತ್ತು ಪಕ್ಕದ ಮನೆಯ ಹುಡುಗ ಬ್ಯಾಟರಿ ಹಿಡಿದು ಏರಿ ಹತ್ತಿದೆವು. ಕೋಡಿಯಲ್ಲಿ ನೀರು ಹರಿಯುತ್ತಿತ್ತು, ಆದರೆ ನಾವು ಇಟ್ಟ ಕಲ್ಲಿನ ಮೇಲೆ ಹರಿಯುತ್ತಿತ್ತು. ಅಂದರೆ ಕೆರೆಯ ಮಟ್ಟ ಆಗಲೇ ಎರಡು ಫೂಟು ಹೆಚ್ಚು. ಏರಿಯ ನಡುವೆ ಟ್ರ್ಯಾಕ್ಟರ್ ದಾಟುವ ಒಂದು ದಾರಿ ಇತ್ತು. ಹಾದು ಹಾದು ಅಲ್ಲಿ ಏರಿ ಒಂದೂವರೆ ಫೂಟು ತಗ್ಗಾಗಿತ್ತು. ಆ ತಗ್ಗಿನಲ್ಲಿ ನೀರು ಹೊರಬಿದ್ದಿತ್ತು. ಹೆಚ್ಚಲ್ಲ, ತಂಬಿಗೆ ಬಗ್ಗಿಸಿದಷ್ಟು, ಒಂದು ಗೇಣು ಅಗಲ.

ಹುಡುಗ ‘ಇಷ್ಟೇನಾ ಕಾಕಾ’ ಎಂದ. ನನ್ನ ಕೈ ನಡುಗಲಾರಂಭಿಸಿತ್ತು. ಕಾಂಕ್ರೀಟ್ ಆಣೆಕಟ್ಟಿನ ತಲೆಯ ಮೇಲೆ ನೀರು ಹೋದರೆ ಅದು ತಡೆದುಕೊಳ್ಳಬಹುದು. ಮಣ್ಣಿನ ಏರಿ ತಡೆಯುವುದಿಲ್ಲ. ಬ್ಯಾಟರಿ ಬೆಳಕಲ್ಲಿ ನೋಡಿದೆ: ಏರಿಯ ಹಿಂಬದಿಯಲ್ಲಿ ನೀರು ಒಂದು ಗೆರೆ ಕೊರೆದಿತ್ತು. ಗೆರೆಯ ಕೆಳತುದಿಯಲ್ಲಿ ಮಣ್ಣು ಕಳಚಿ ಒಂದು ಮೆಟ್ಟಿಲಾಯಿತು. ಮೆಟ್ಟಿಲು ಕುಸಿದು ಒಂದು ಫೂಟು ಮೇಲೆ ಇನ್ನೊಂದು ಮೆಟ್ಟಿಲು. ನೀರು ಮೇಲಿಂದ ಕೆಳಗೆ ಹರಿಯುತ್ತದೆ, ಆದರೆ ಏರಿಯನ್ನು ತಿನ್ನುವುದು ಕೆಳಗಿನಿಂದ ಮೇಲಕ್ಕೆ. ಸಿಕ್ಕಿದ ಆರು ಗೊಬ್ಬರದ ಚೀಲಕ್ಕೆ ಮಣ್ಣು ತುಂಬಿ ಹಾಕಿದೆವು. ಆರನೆಯದು ಹಾಕುವಾಗ ಮೊದಲನೆಯದು ಹೋಗಿತ್ತು. ಜೋಳದ ಚೀಲ ಅಟ್ಟದಿಂದ ಬಿದ್ದ ಹಾಗೆ ದಪ್ ದಪ್ ಸದ್ದು. ಕೆಳಗಿನ ಓಣಿಯವರಿಗೆ ಫೋನ್ ಮಾಡಿ ಶಾಲೆಯ ಮಾಳಿಗೆ ಹತ್ತಿ ಎಂದೆ. ತಂಬಿಗೆಯಷ್ಟು ನೀರು ಲಾರಿ ಹೋಗುವಷ್ಟು ಬಾಯಿ ತೆರೆಯಲು ಮುಕ್ಕಾಲು ಗಂಟೆ ಹಿಡಿಯಲಿಲ್ಲ.

ಮನುಷ್ಯರ ಜೀವ ಹೋಗಲಿಲ್ಲ. ಕಟ್ಟಿದ್ದ ಎರಡು ಎಮ್ಮೆ, ಹನ್ನೊಂದು ಕುರಿ ಹೋದವು. ಹೂ ಬಿಟ್ಟಿದ್ದ ತೊಗರಿ ಮಲಗಿತು. ನನ್ನ ಹೊಲದಲ್ಲಿ ಎರಡು ಎಕರೆ ಮೇಲ್ಮಣ್ಣು ಹರಿದು ಬುಡದ ಕಲ್ಲು ಕಂಡಿತು, ಇವತ್ತಿಗೂ ಅಲ್ಲಿ ಕುಂಟೆ ಇಳಿಯುವುದಿಲ್ಲ. ಮರುದಿನ ಎಮ್ಮೆ ಕಳೆದುಕೊಂಡ ಹೆಣ್ಣುಮಗಳು ನನ್ನ ಮುಂದೆ ನಿಂತು ಹೇಳಿದಳು: “ಕಟ್ಟಿಸಿದವ್ರೂ ನೀವ, ಕಲ್ಲ ಇಟ್ಟವ್ರೂ ನೀವ. ಮಳಿಗ್ಯಾಕ ಬೈತೀರಿ ಸಾಹೇಬ್ರ?” ನನ್ನಲ್ಲಿ ಉತ್ತರ ಇರಲಿಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ಫ್ಲೆಕ್ಸಿನ ಚಿತ್ರದಲ್ಲಿ ನನಗೆ ಅದೇ ಕಲ್ಲು ಕಂಡಿತು. ನೀರು ನಿಲ್ಲಿಸುವ ಆಸೆಯಿಂದ ಕಟ್ಟಿದ ಕೆರೆಗೆ ಪ್ರವಾಹ ತಡೆಯುವ ಕೆರೆ ಎಂಬ ಹೆಸರು. ಇವೆರಡೂ ಬೇರೆ ಬೇರೆ. ಒಂದಕ್ಕೆ ಕೆರೆ ತುಂಬಿರಬೇಕು, ಇನ್ನೊಂದಕ್ಕೆ ಖಾಲಿ ಇರಬೇಕು. ಆಗಸ್ಟ್ ಕೊನೆಗೆ ತುಂಬಿದ ಕೆರೆ ಅಕ್ಟೋಬರಿನ ಮಳೆಗೆ ಇದ್ದೂ ಇಲ್ಲದಂತೆ. ಇಲ್ಲದಿದ್ದರೇ ವಾಸಿ ಎನ್ನಬೇಕು, ಯಾಕೆಂದರೆ ಒಡೆದರೆ ಅದರ ಹೊಟ್ಟೆಯಲ್ಲಿದ್ದ ನೀರೂ ಮಳೆನೀರಿನ ಜೊತೆ ಬರುತ್ತದೆ.

ಈಗ ಲೆಕ್ಕ. ಸಭೆ ಮುಗಿದ ಮೇಲೆ ಅಂದಾಜು ಪಟ್ಟಿ ತಂದಿದ್ದ ತರುಣ ಎಂಜಿನಿಯರ್ ನನ್ನ ಜೊತೆ ಗುಡಿ ಕಟ್ಟೆಯ ಮೇಲೆ ಒಂದು ಗಂಟೆ ಕೂತ. ಒಳ್ಳೆಯ ಹುಡುಗ, ಕೇಳಿದ್ದಕ್ಕೆಲ್ಲ ಕಾಗದ ತೆಗೆದು ತೋರಿಸಿದ. ಸರ್ವೆ ನಕ್ಷೆಯ ಪ್ರಕಾರ ನಮ್ಮ ಸೇತುವೆಯ ಮೇಲ್ಗಡೆ ಹಳ್ಳಕ್ಕೆ ನೀರು ಕೊಡುವ ನೆಲ 22 ಚದರ ಕಿಲೋಮೀಟರ್. ಅದರ ಮೇಲೆ 100 ಮಿಲಿಮೀಟರ್ ಮಳೆ ಬಿದ್ದು, ಅರ್ಧವನ್ನು ನೆಲ ಕುಡಿದು, ಅರ್ಧ ಹರಿಯಿತು ಎನ್ನಿ. ನೆಲ ಮೊದಲೇ ತೋಯ್ದಿದ್ದರೆ ಅಷ್ಟೂ ಕುಡಿಯುವುದಿಲ್ಲ, ಇರಲಿ. 11 ಲಕ್ಷ ಘನಮೀಟರ್ ನೀರು. ಆರು ಗಂಟೆಯಲ್ಲಿ ಇಳಿದರೆ ಸೆಕೆಂಡಿಗೆ ಸರಾಸರಿ 50 ಘನಮೀಟರ್, ಉಬ್ಬರದ ಹೊತ್ತಿನಲ್ಲಿ ಅದರ ಎರಡರಷ್ಟು. ನಮ್ಮ ಸೇತುವೆ ಎಂದರೆ ನಾಲ್ಕು ಫೂಟಿನ ಮೂರು ಸಿಮೆಂಟ್ ಪೈಪು. ಉಸಿರುಗಟ್ಟಿ ಹರಿದರೂ ಸೆಕೆಂಡಿಗೆ 10 ಘನಮೀಟರ್ ದಾಟುವುದಿಲ್ಲ. ಆರು ಗಂಟೆಯಲ್ಲಿ ಸೇತುವೆ 2 ಲಕ್ಷ ಘನಮೀಟರ್ ಚಿಲ್ಲರೆ ಬಿಟ್ಟರೆ ಉಳಿದ ಸುಮಾರು 9 ಲಕ್ಷ ಘನಮೀಟರ್ ಮೇಲೆಲ್ಲೋ ಕಾಯಬೇಕು. ಕಾಯಲು ಜಾಗ ಬೇಕು, ಆ ಜಾಗ ಮಳೆ ಬರುವ ಮೊದಲು ಖಾಲಿ ಇರಬೇಕು. ಸರಾಸರಿ ಮೂರು ಮೀಟರ್ ಆಳ ಎಂದು ಹಿಡಿದರೂ 30 ಹೆಕ್ಟೇರ್, ನಮ್ಮ ಮಾತಿನಲ್ಲಿ 75 ಎಕರೆ.

ಹುಡುಗನ ಕಾಗದದಲ್ಲಿ ಮೂರೂ ಕೆರೆಗೆ ಸೇರಿ ಹತ್ತಿರ ಹತ್ತಿರ ಇಷ್ಟೇ ಸಂಗ್ರಹ ಇದೆ. ಆದರೆ ಅಷ್ಟನ್ನೂ ನೀರಾವರಿಯ ಲೆಕ್ಕಕ್ಕೆ ಹಿಡಿದಿದ್ದಾರೆ. ಯಾಕಪ್ಪ ಎಂದೆ. ‘ಅಚ್ಚುಕಟ್ಟು ತೋರಿಸದಿದ್ರ ಮಂಜೂರಿ ಸಿಗಲ್ಲ ಸರ್’ ಎಂದ. ಇದು ಅವನ ತಪ್ಪಲ್ಲ. ಎಷ್ಟು ಎಕರೆ ನೀರುಣಿಸಿತು ಎಂಬುದಕ್ಕೆ ಕಾಲಂ ಇದೆ. ಎಷ್ಟು ಮನೆಗೆ ನೀರು ನುಗ್ಗಲಿಲ್ಲ ಎಂದು ಬರೆಯಲು ಕಾಲಂ ಇಲ್ಲ.

ಇನ್ನು ಕೋಡಿ, ಇಲಾಖೆಯ ಮಾತಿನಲ್ಲಿ ವೇಸ್ಟ್‌ವೇರ್. ದೊಡ್ಡ ಕವಲಿನ ಮೇಲಿನ ಒಡ್ಡಿಗೆ 9 ಚದರ ಕಿಲೋಮೀಟರಿನ ನೀರು ಬರುತ್ತದೆ, ಅದಕ್ಕೆ 12 ಮೀಟರ್ ಅಗಲದ ಕೋಡಿ ತೋರಿಸಿದ್ದಾರೆ. ಕೋಡಿಯ ಮೇಲೆ ಒಂದು ಮೀಟರ್ ನೀರು ಹರಿದರೂ ಸೆಕೆಂಡಿಗೆ 20 ಘನಮೀಟರ್. ಬರುವುದೆಷ್ಟು? ಅಳತೆಯೇ ಇಲ್ಲದ ಹಳ್ಳಗಳಿಗೆ ನಮ್ಮ ಕಡೆ ಡಿಕನ್ಸ್ ಸೂತ್ರ ಹಾಕುತ್ತಾರೆ. ವಿಸ್ತೀರ್ಣದ ಮುಕ್ಕಾಲು ಘಾತಕ್ಕೆ ಒಂದು ಗುಣಾಂಕ ಗುಣಿಸುವುದು. ಗುಣಾಂಕ 11 ಹಿಡಿದರೆ 57 ಘನಮೀಟರ್, 19 ಹಿಡಿದರೆ 99ರ ಹತ್ತಿರ. ಹಳ್ಳ ಅದೇ, ಮಳೆ ಅದೇ, ಬರೆಯುವವರ ಕೈ ಬೇರೆ. ಅತ್ಯಂತ ಜಿಪುಣ ಕೈ ಹಿಡಿದರೂ ಈ ಕೋಡಿ ಮೂರನೇ ಒಂದು ಪಾಲಿಗೆ ಸಾಕು. ಕೆರೆ ಖಾಲಿ ಇದ್ದರೆ ಹೊಡೆತವನ್ನು ಕೆರೆಯೇ ಅರ್ಧ ನುಂಗುತ್ತದೆ, ಒಪ್ಪಿದೆ. ಆದರೆ ಕೋಡಿಯನ್ನು ಕಟ್ಟುವಾಗ ಕೆರೆ ತುಂಬಿದ್ದಾಗಲೇ ದೊಡ್ಡ ಮಳೆ ಬಂತು ಎಂದೇ ಎಣಿಸಬೇಕು. ನಮ್ಮ ಹಿರಿಯ ಮೇಸ್ತ್ರಿಯೊಬ್ಬರು ಮೊದಲು ಕೋಡಿಗೆ ಗೂಟ ಹೊಡೆಸುತ್ತಿದ್ದರು. ಗಟ್ಟಿ ನೆಲದಲ್ಲಿ ಕೋಡಿಗೆ ಜಾಗ ಸಿಗಲಿಲ್ಲ ಎಂದರೆ ಆ ಕೆರೆಯನ್ನೇ ಬೇಡ ಎನ್ನುತ್ತಿದ್ದರು.

ಒಂದು ವಿಚಿತ್ರ ಗಮನಿಸಿ. ಭಾರತೀಯ ಮಾನಕದಲ್ಲಿ 5 ಲಕ್ಷ ಘನಮೀಟರ್ ಮೀರಿದ ಸಣ್ಣ ಆಣೆಕಟ್ಟಿಗೆ ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಹಿಡಿದು ಕೋಡಿ ಮಾಡಬೇಕೆಂದಿದೆ. 9 ಲಕ್ಷವನ್ನು ಮೂರು ತುಂಡು ಮಾಡಿದರೆ ಒಂದೊಂದೂ 3 ಲಕ್ಷ, ಆ ಅಳತೆಗೇ ಬರುವುದಿಲ್ಲ. 2021ರ ಆಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್ ಎತ್ತರ ಮೀರಿದವಕ್ಕೆ. 10ರಿಂದ 15 ಮೀಟರಿನವಕ್ಕೂ ಕೆಲವು ಷರತ್ತಿನ ಮೇಲೆ ಅನ್ವಯಿಸುತ್ತದೆ. ನಮ್ಮ ಒಡ್ಡು 7 ಮೀಟರ್. ಕಾಯ್ದೆಯ ಕಣ್ಣಿಗೆ ಅದು ಆಣೆಕಟ್ಟೇ ಅಲ್ಲ. ಒಡೆದಾಗ ಮಾತ್ರ ಆಣೆಕಟ್ಟಿನ ಹಾಗೆಯೇ ಒಡೆಯುತ್ತದೆ. ಬೇಕೆಂದೇ ತುಂಡು ಮಾಡಿದ್ದಾರೆ ಎಂದು ನಾನು ಹೇಳುವುದಿಲ್ಲ. ಆದರೆ ಮೂರರಲ್ಲಿ ಎರಡು ಒಂದೇ ಕವಲಿನ ಮೇಲೆ ಒಂದರ ಕೆಳಗೊಂದು ಇವೆ, ಅವೆರಡರ ಕೆಳಗೆ ನಮ್ಮ ಹಳೆಯ ಕೆರೆ. ಮೇಲಿನದು ಹೋದರೆ ಉಳಿದವು ನಿಲ್ಲುವುದಿಲ್ಲ.

ಇದು ನನ್ನ ಹೆದರಿಕೆಯ ಮಾತಲ್ಲ, ನಮ್ಮ ಸೀಮೆಯಲ್ಲಿ ನಡೆದದ್ದೇ. ಕಲಬುರಗಿ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ, 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದ್ ನಗರವನ್ನು ಕೊಚ್ಚಿತು. ಮೂಸಿ ಹುಟ್ಟುವುದು ನಮ್ಮ ಕಾಗಿಣಾ ಬರುವ ವಿಕಾರಾಬಾದ್ ಕಡೆಯ ಗುಡ್ಡಗಳಲ್ಲೇ. ಅಂದು ನದಿಯ ಮೇಲ್ಗಡೆ ಇನ್ನೂರಕ್ಕೂ ಹೆಚ್ಚು ಸಣ್ಣ ಕೆರೆಗಳು ಒಂದರ ಹಿಂದೊಂದು ಒಡೆದು ಆ ನೀರೂ ನಗರಕ್ಕೆ ಬಂತು. ಮರುವರ್ಷ ನಿಜಾಮರು ಸರ್ ಎಂ. ವಿಶ್ವೇಶ್ವರಯ್ಯ ಅವರನ್ನು ಕರೆಸಿದರು. ಅವರು ನದಿ ದಂಡೆಗೆ ಗೋಡೆ ಎತ್ತರಿಸಿ ಎಂದಷ್ಟೇ ಹೇಳಿ ಹೋಗಲಿಲ್ಲ. ನಗರದ ಮೇಲ್ಗಡೆ ದೊಡ್ಡ ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲಿ ಹಿಡಿದು ನಿಧಾನ ಬಿಡಿ ಎಂದರು. ಹಾಗೆ ಬಂದವು 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ಮುಂದೆ ಕುಡಿಯುವ ನೀರಿಗೆಂದು ಅವನ್ನು ತುಂಬಿಡುವುದು ರೂಢಿಯಾಯಿತು, ಈಗ ಜೋರು ಮಳೆ ಬಂದರೆ ಗೇಟು ತೆರೆದ ಸುದ್ದಿ ಬರುತ್ತದೆ. ಅಂಥ ಎರಡು ಸಾಗರಗಳಿಗೇ ತುಂಬಿಡುವ ಆಸೆ ತಪ್ಪಲಿಲ್ಲ ಎಂದರೆ ನಮ್ಮೂರ ಕಲ್ಲಿನದೇನು ದೊಡ್ಡದು.

ಹಾಗಾದರೆ ಖಾಲಿ ಕೆರೆ ಕಟ್ಟಿ ಎಂದರೆ ನಮ್ಮ ಕಡೆ ಯಾರು ಒಪ್ಪುತ್ತಾರೆ? ಯಾರೂ ಒಪ್ಪುವುದಿಲ್ಲ, ನಾನೂ ಮನಸ್ಸಿನಿಂದ ಒಪ್ಪಲಾರೆ. ಅದಕ್ಕೆ ನನ್ನ ಸೂಚನೆ ಇಷ್ಟು. ಕೆರೆಯ ತಳದಲ್ಲಿ ಒಂದು ಮೀಟರ್ ನೀರು ದನಕರುವಿಗೆ, ಬಾವಿ ಬೋರಿಗೆ ಎಂದು ನಿಲ್ಲಲಿ. ಅದರ ಮೇಲೆ ಬಾಗಿಲೇ ಇಲ್ಲದ ತೂಬು ಇಡಿ. ಗೇಟು ಬೇಡ, ಕೀಲಿ ಬೇಡ. ನಡುರಾತ್ರಿ ಮಳೆಯಲ್ಲಿ ಗೇಟು ಎತ್ತಲು ಯಾರು ಬರುತ್ತಾರೆ? ಬಂದರೂ ತುಕ್ಕು ಹಿಡಿದ ಸ್ಕ್ರೂ ತಿರುಗುವುದಿಲ್ಲ. ಬಾಗಿಲಿಲ್ಲದ ತೂಬು ಕೆಳಗಿನ ಸೇತುವೆ ತಡೆಯುವಷ್ಟೇ ನೀರನ್ನು ಬಿಡುತ್ತಾ ಹೋಗುತ್ತದೆ. ಮೂರೂ ಸೇರಿ ಸೆಕೆಂಡಿಗೆ 10 ಘನಮೀಟರ್ ಬಿಟ್ಟರೆ 9 ಲಕ್ಷ ಘನಮೀಟರ್ 25 ಗಂಟೆಯಲ್ಲಿ ಖಾಲಿ. ಒಂದು ದಿನದ ಮಾತು, ಆಮೇಲೆ ಕೆರೆ ಮುಂದಿನ ಮಳೆಗೆ ಸಿದ್ಧ. ತೂಬಿನ ಬಾಯಿಗೆ ಕಬ್ಬಿಣದ ಜಾಳಿಗೆ ದೊಡ್ಡದಾಗಿ, ಓರೆಯಾಗಿ ಇರಬೇಕು. ನಮ್ಮ ಹಳ್ಳದಲ್ಲಿ ಮೊದಲ ನೀರಿನ ಜೊತೆ ತೊಗರಿ ಕಟ್ಟಿಗೆ, ಜಾಲಿ ಮುಳ್ಳು, ಪ್ಲಾಸ್ಟಿಕ್ ಎಲ್ಲ ಬರುತ್ತದೆ. ಸಣ್ಣ ಜಾಳಿಗೆ ಹತ್ತು ನಿಮಿಷದಲ್ಲಿ ಮುಚ್ಚಿಹೋಗುತ್ತದೆ.

ಆ 75 ಎಕರೆಯನ್ನು ಪೂರ್ತಿ ಸ್ವಾಧೀನ ಮಾಡಬೇಕಾಗಿಯೂ ಇಲ್ಲ. ತಳದ ಭಾಗ ಕೊಂಡುಕೊಳ್ಳಿ. ಮೇಲಿನ ಭಾಗದಲ್ಲಿ ನೀರು ನಿಲ್ಲುವುದು ಯಾವುದೋ ವರ್ಷ, ಒಂದೆರಡು ದಿನ. ತೊಗರಿ ಅಷ್ಟನ್ನೂ ತಡೆಯುವುದಿಲ್ಲ, ಬೇರು ಕೊಳೆಯುತ್ತದೆ. ಆದರೆ ಮುಂಗಾರಿಯಲ್ಲಿ ಭೂಮಿ ಬಿಟ್ಟು ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುವುದು ಎರಿ (ಕಪ್ಪು ಮಣ್ಣಿನ) ಭೂಮಿಯವರಿಗೆ ಹೊಸದೇನಲ್ಲ. ನೀರು ನಿಂತು ಹೋದ ನೆಲಕ್ಕೆ ಹಸಿ ಹೆಚ್ಚು, ಮೆಕ್ಕಲು ಹೆಚ್ಚು, ಜೋಳ ಆಳೆತ್ತರ ಬರುತ್ತದೆ. ಹೊಲ ರೈತನದೇ ಇರಲಿ, ಮುಂಗಾರಿ ಬಿಟ್ಟದ್ದಕ್ಕೆ ವರ್ಷಕ್ಕಿಷ್ಟು ಎಂದು ಬಾಡಿಗೆಯಂತೆ ರೊಕ್ಕ ಕೊಡಿ. ಸಭೆಯಲ್ಲಿ ಭೂಮಿ ಹೋಗುತ್ತದೆಂದು ಅತ್ತ ಇಬ್ಬರು ಹೊರಗೆ ಬಂದು ಈ ಮಾತು ಕೇಳಿ ‘ಹಂಗಾದ್ರ ನೋಡಬಹುದು’ ಎಂದರು.

ಮಣ್ಣಿನ ಬಗ್ಗೆ ಹೇಳದೆ ಬಿಟ್ಟರೆ ನನ್ನ ಕಸುಬಿಗೆ ದ್ರೋಹ. ಒಡೆದ ಹಳೆಯ ಏರಿಯನ್ನು ಎರಡು ವರ್ಷದ ಮೇಲೆ ದುರಸ್ತಿ ಮಾಡಿದರು. ಟಿಪ್ಪರಿನಲ್ಲಿ ಬರೀ ಎರಿ ಮಣ್ಣು ತಂದು ಸುರಿದು ಜೆಸಿಬಿಯ ಬಕೆಟ್ಟಿನಿಂದ ತಟ್ಟಿ ಹೋದರು. ರೋಲರ್ ಬರಲಿಲ್ಲ, ನೀರಿನ ಟ್ಯಾಂಕರ್ ಬರಲಿಲ್ಲ. ಎರಿಗೆ ಒಂದು ದೀರ್ಘ ಕೊಟ್ಟರೆ ಏರಿ ಆಗುವುದು ಕಾಗದದ ಮೇಲೆ ಮಾತ್ರ. ಎರಿ ಮಣ್ಣು ನೀರನ್ನು ಹಾಯಲು ಬಿಡುವುದಿಲ್ಲ, ಅದಕ್ಕೇ ಏರಿಯ ಹೊಟ್ಟೆಯೊಳಗೆ ಅದೇ ಬೇಕು, ಅದನ್ನು ಹಾರ್ಟಿಂಗ್ ಎನ್ನುತ್ತೇವೆ. ಆದರೆ ಬಿಸಿಲಿಗೆ ತೆರೆದಿಟ್ಟರೆ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ನನ್ನ ಹೊಲದ ಬಿರುಕಿನಲ್ಲಿ ಬಾರುಕೋಲು ಅರ್ಧ ಇಳಿಯುತ್ತದೆ. ಏರಿಯಲ್ಲಿ ಅಂಥ ಬಿರುಕಿಗೆ ಮೊದಲ ಮಳೆ ಹೊಕ್ಕರೆ ಇಳಿಜಾರು ಜಾರುತ್ತದೆ. ಆದ್ದರಿಂದ ಎರಡೂ ಮಗ್ಗುಲಿಗೆ ಗರ್ಸು ಮಣ್ಣಿನ ಕೇಸಿಂಗ್ ಹೊದಿಸಬೇಕು, ನೀರಿನ ಕಡೆಗೆ ಕಲ್ಲಿನ ಪಿಚಿಂಗ್ (ಹಾಸು), ಹಿಂದೆ ಬುಡದಲ್ಲಿ ಮರಳಿನ ಫಿಲ್ಟರ್ ಮತ್ತು ರಾಕ್ ಟೋ, ಅಂದರೆ ಜಿನುಗಿದ ನೀರು ಬಸಿದು ಹೋಗುವ ಕಲ್ಲಿನ ರಾಶಿ. ಏರಿಯ ಬುಡದಿಂದ ತಿಳಿನೀರು ಜಿನುಗಿದರೆ ಜಿನುಗಲಿ. ರಾಡಿನೀರು ಬಂತೆಂದರೆ ಒಳಗಿನ ಮಣ್ಣು ಹೊರಟಿದೆ ಎಂದೇ ಲೆಕ್ಕ, ಆಗ ಊರು ಎಬ್ಬಿಸಬೇಕು. 2019ರ ಜುಲೈನಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ ಆಣೆಕಟ್ಟು ಒಡೆಯುವ ಮೊದಲು ಅಲ್ಲಿಯ ಜನ ಸೋರಿಕೆ ಬಗ್ಗೆ ದೂರಿದ್ದರು.

ಮಣ್ಣಿನ ಹದ ನೋಡುವುದು ಹೇಗೆಂದು ಆ ಹುಡುಗನಿಗೆ ತೋರಿಸಿದೆ. ಹಿಡಿ ಮಣ್ಣು ಉಂಡೆ ಮಾಡಬೇಕು, ಅಂಗೈ ತೋಯಬಾರದು. ಎದೆ ಎತ್ತರದಿಂದ ಬಿಟ್ಟರೆ ಮೂರ್ನಾಲ್ಕು ಹೋಳಾಗಬೇಕು. ಪುಡಿಯಾದರೆ ಇನ್ನೂ ನೀರು ಹೊಡಿ, ಚಪ್ಪಟೆಯಾಗಿ ನೆಲಕ್ಕೆ ಅಂಟಿದರೆ ಎರಡು ದಿನ ಒಣಗಲು ಬಿಡು. ಹದವಾದ ಮಣ್ಣನ್ನು ಆರಿಂಚು ಪದರ ಹರಡಿ ಶೀಪ್‌ಫೂಟ್ ರೋಲರ್ ಎಂಟು ಹತ್ತು ಸಲ ಓಡಿಸಬೇಕು, ಆಮೇಲೆ ಮುಂದಿನ ಪದರ. ಲ್ಯಾಬಿನ ಪರೀಕ್ಷೆ ಬೇಕೇ ಬೇಕು, ಆದರೆ ಲ್ಯಾಬಿನವರು ತಿಂಗಳಿಗೊಮ್ಮೆ ಬರುತ್ತಾರೆ, ಮಣ್ಣು ದಿನಾ ಬೀಳುತ್ತದೆ. ಇನ್ನೊಂದು: ನಮ್ಮ ಗುಡ್ಡದ ಕೆಳಗೆ ಜಂಬಿಟ್ಟಿಗೆ ಕಲ್ಲು, ಜರಡಿ ಇದ್ದ ಹಾಗೆ. ಏರಿ ಎಷ್ಟೇ ಗಟ್ಟಿ ಇದ್ದರೂ ಬುಡದ ಟ್ರೆಂಚ್ ಆ ಜರಡಿ ದಾಟಿ ಗಟ್ಟಿ ನೆಲ ಮುಟ್ಟದಿದ್ದರೆ ನೀರು ಏರಿಯ ಕೆಳಗಿನಿಂದ ನುಸುಳುತ್ತದೆ. ಟ್ರಯಲ್ ಪಿಟ್ (ನೆಲದ ಒಳಗೇನಿದೆ ಎಂದು ನೋಡುವ ಗುಂಡಿ) ಎಷ್ಟು ತೋಡಿದ್ದೀರಿ ಎಂದೆ. ಡ್ರೋನ್ ಹಾರಿಸಿದ್ದಾರಂತೆ. ಡ್ರೋನಿಗೆ ನೆಲದ ಒಳಗೆ ಕಾಣುವುದಿಲ್ಲವಲ್ಲ.

ಕೊನೆಗೆ, ಕಟ್ಟಿದ ಮೇಲೆ ಇದು ಯಾರದು? ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯತ್ ಕಡೆಯ ಕೆರೆ, 40ರಿಂದ 2000 ಹೆಕ್ಟೇರಿನವರೆಗೆ ಸಣ್ಣ ನೀರಾವರಿಯದು ಎಂದು ನನ್ನ ಕಾಲದಲ್ಲಿ ವಿಂಗಡಣೆ. ಅಚ್ಚುಕಟ್ಟೇ ಇಲ್ಲದ, ಪ್ರವಾಹಕ್ಕೆಂದೇ ಕಟ್ಟಿದ ಕೆರೆ ಯಾರ ಪಟ್ಟಿಗೆ? ಯಾರ ಪಟ್ಟಿಯಲ್ಲೂ ಇಲ್ಲದ ಏರಿಯ ಮೇಲೆ ಐದು ವರ್ಷದಲ್ಲಿ ಬಳ್ಳಾರಿ ಜಾಲಿ ಬೆಳೆಯುತ್ತದೆ, ಅದರ ಬೇರು ಕೊಳೆತ ದಾರಿಯಲ್ಲೇ ನೀರು ಹೊರಡುತ್ತದೆ. ಹೆಗ್ಗಣ ತೋಡುತ್ತದೆ, ಟ್ರ್ಯಾಕ್ಟರ್ ದಾರಿ ಮಾಡುತ್ತದೆ, ಬರ ಬಂದ ವರ್ಷ ಊರವರು ಕೋಡಿಗೆ ಕಲ್ಲು ಇಡುತ್ತಾರೆ. ಮೇ ತಿಂಗಳಲ್ಲಿ ಏರಿ ಸುತ್ತಿ ನೋಡುವ ಒಬ್ಬ ಮನುಷ್ಯನ ಸಂಬಳ ಅಂದಾಜು ಪಟ್ಟಿಯಲ್ಲಿ ಇರಲಿ. ಬಾತುಕೋಳಿ ಇಲ್ಲದಿದ್ದರೂ ನಡೆಯುತ್ತದೆ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಎರಡೇ. ಈ ಮಳೆಗಾಲ ಗುದ್ದಲಿ ಪೂಜೆ ಮಾಡಬೇಡಿ, ಹಳ್ಳ ಅಳೆಯಿರಿ. ಸೇತುವೆಯ ಗೋಡೆಗೆ ನಾನು ಬಿಳಿ ಬಣ್ಣದಲ್ಲಿ ಅರ್ಧರ್ಧ ಫೂಟಿಗೆ ಗೆರೆ ಎಳೆದಿದ್ದೇನೆ, 2020ರ ನೀರು ಮುಟ್ಟಿದ ಗುರುತು ಶಾಲೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಇದೆ. ಮಳೆಮಾಪಕ ಒಂದನ್ನು ಗುಡ್ಡದ ಮೇಲಿನ ತಾಂಡಾದ ಶಾಲೆಯಲ್ಲಿ ಇಡಿ. ಎಷ್ಟು ಮಳೆಗೆ ಎಷ್ಟು ಹೊತ್ತಿಗೆ ಎಷ್ಟು ನೀರು ಎಂದು ಬರೆದಿಡಲು ಹೈಸ್ಕೂಲಿನ ಇಬ್ಬರು ಹುಡುಗಿಯರು ತಯಾರಿದ್ದಾರೆ. ಒಂದು ಮಳೆಗಾಲದ ಅಳತೆ ಕಡಿಮೆಯೇ. ಆದರೆ 11 ಸರಿಯೋ 19 ಸರಿಯೋ ಎಂದು ಗುಡಿ ಕಟ್ಟೆಯ ಮೇಲೆ ಕೂತು ಊಹಿಸುವುದಕ್ಕಿಂತ ಮೇಲು.

ಎರಡನೆಯದು ಹಳೆಯ ಕೆರೆಯ ಕೋಡಿ. ಏರಿ ದುರಸ್ತಿಯಾದರೂ ಕೋಡಿಯ ಮೇಲೆ ನಾವು ಇಟ್ಟ ಕಲ್ಲುಗಳು ಹಾಗೇ ಇವೆ. ಎರಡು ಸಲ ಹಾರೆ ಹಿಡಿದು ಹೋದೆ. ‘ನೀರ್ ಹೋಗ್ತದ, ಬ್ಯಾಡ ಕಾಕಾ’ ಎಂದು ಊರ ಹುಡುಗರು ಕೈ ಹಿಡಿದು ಕರೆತಂದರು. ಕಲ್ಲು ತೆಗೆಯಲು ಅಧಿಕಾರ ಇರುವವರು ಯಾರಾದರೂ ಜೂನ್ ಹತ್ತರೊಳಗೆ ಒಂದು ಲಿಖಿತ ಆದೇಶ ಹಿಡಿದು ಬರಲಿ. ಆಳು ಬೇಡ, ಯಂತ್ರ ಬೇಡ. ಹಾರೆ ನಾನು ತರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ವರ್ಕ್ ಇನ್‌ಸ್ಪೆಕ್ಟರ್,
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ